ತಿರುವಿನಲ್ಲಿ ಸರಿದ ಆಯಿಲ್: ಕೋಲಾರದ ಒಂದು ಎಂಜಿನ್ ಬದಲಾವಣೆಯ ಪ್ರಕರಣ

ಈ ಪ್ರಕರಣದಲ್ಲಿ ಹಾಳಾದದ್ದು ಒಂದು ಎಂಜಿನ್ ಮಾತ್ರ. ಯಾರಿಗೂ ಪೆಟ್ಟಾಗಲಿಲ್ಲ, ಯಾರೂ ಮನೆ ಅಡ ಇಡಲಿಲ್ಲ. ಹಾಗಾಗಿ ನಿರಾಳವಾಗಿ ಬರೆಯಬಹುದು. ಕಾರಿನ ಮಾಲೀಕರು ಒಪ್ಪಿದ್ದಾರೆ, ಆದರೆ ಹೆಸರು, ಬೀದಿ, ಕಾರಿನ ಬಣ್ಣ ಯಾವುದೂ ಬೇಡ ಅಂದಿದ್ದಾರೆ. ಅವರನ್ನು ‘ಮಾಲೀಕರು’ ಅಂತಲೇ ಕರೆಯುತ್ತೇನೆ. ಇನ್ನಿಬ್ಬರು ಬರುತ್ತಾರೆ: ನಮ್ಮ ಶೆಡ್‌ನ ಮೇಸ್ತ್ರಿ, ಮತ್ತು ಕೆಜಿಎಫ್‌ನ ಲೇತ್ ತಾತ. ಅಳತೆ, ಲೆಕ್ಕ, ಬಿಡಿಭಾಗದ ಓಡಾಟ ನನ್ನದು. ತಪ್ಪಿನಲ್ಲೂ ದೊಡ್ಡ ಪಾಲು ನನ್ನದೇ.

ಹಿನ್ನೆಲೆ

ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ 1957ರಲ್ಲಿ ಇಂಗ್ಲೆಂಡಿನಲ್ಲಿ ಸೆವೆನ್ ಅನ್ನೋ ಪುಟ್ಟ ಕಾರು ತಂದಿತು. ಕಬ್ಬಿಣದ ಪೈಪಿನ ಹಂದರ, ಮೇಲೆ ತೆಳು ಅಲ್ಯೂಮಿನಿಯಂ ತಗಡು, ಇಬ್ಬರು ಕೂರೋ ಜಾಗ. ಅಷ್ಟೇ. ಜೋಡಿಸಿದ ಕಾರಿಗೆ ಆಗ ಅಲ್ಲಿ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗದ ಕಿಟ್‌ಗೆ ಬೀಳುತ್ತಿರಲಿಲ್ಲ. ಹಾಗಾಗಿ ಜನ ಕಿಟ್ ತಂದು ಮನೆಯ ಶೆಡ್ಡಿನಲ್ಲೇ ಕಟ್ಟಿಕೊಳ್ಳುತ್ತಿದ್ದರು. 1973ರಲ್ಲಿ ಅದರ ಹಕ್ಕು ಕ್ಯಾಟರ್‌ಹ್ಯಾಮ್‌ಗೆ ಹೋಯಿತು. ಆ ಆಕಾರದ ಕಾರನ್ನು ಇವತ್ತಿಗೂ ಜಗತ್ತಿನ ಎಲ್ಲೆಲ್ಲೋ ಹವ್ಯಾಸಿಗಳು ಕಟ್ಟುತ್ತಲೇ ಇದ್ದಾರೆ.

ನಮ್ಮ ಮಾಲೀಕರೂ ಅಂಥವರೇ. ಟೊಮೆಟೊ ವ್ಯಾಪಾರದ ಮನೆಯವರು. ಸೀಸನ್ ಮುಗಿದ ಮೇಲೆ ಕೈಯಲ್ಲಿ ಸ್ವಲ್ಪ ದುಡ್ಡು, ಜಾಸ್ತಿ ಸಮಯ. ಕೋಲಾರ–ಬಂಗಾರಪೇಟೆ ರಸ್ತೆ ಪಕ್ಕದ ನಮ್ಮ ಶೆಡ್‌ನಲ್ಲಿ ಎರಡು ವರ್ಷ ಕೂತು ಕಟ್ಟಿದ ಕಾರು ಅದು. ಒಂದು ಇಂಚಿನ ಚೌಕ ಪೈಪಿನ ಹಂದರಕ್ಕೆ ಹಳೇ ಮಾರುತಿ ಓಮ್ನಿಯ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ (ಹಿಂದಿನ ಎರಡು ಚಕ್ರ ಸೇರಿಸೋ ಆಕ್ಸಲ್) ಹಾಕಿದ್ದರು.

ಓಮ್ನಿ ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ಸಿಗೋ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡ ಕೂತಿರುತ್ತೆ, ಮುಂದಿನ ಚಕ್ರ ತಿರುಗಿಸುತ್ತೆ. ಸೆವೆನ್ ಆಕಾರಕ್ಕೆ ಎಂಜಿನ್ ಉದ್ದುದ್ದ ಕೂರಬೇಕು, ಹಿಂದಿನ ಚಕ್ರ ತಿರುಗಬೇಕು. ಓಮ್ನಿಯಲ್ಲಿ ಹಾಗೇ ಇದೆ. ಗುಜರಿಯಲ್ಲಿ ಅಗ್ಗವಾಗಿಯೂ ಸಿಗುತ್ತೆ.

ರಸ್ತೆ ಮೇಲೆ ಓಡಿಸೋ ಮಾತು ಮೊದಲ ದಿನವೇ ಮುಗಿದಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿತು. ಮಾಲೀಕರು ಓಮ್ನಿಯ ಆರ್‌ಸಿಯನ್ನು ಆರ್‌ಟಿಒದಲ್ಲಿ ರದ್ದು ಮಾಡಿಸಿ, ಟ್ರೇಲರ್ ಕೊಂಡರು. ಕಾರು ಓಡೋದು ಟ್ರ್ಯಾಕ್ ಮೇಲೆ ಮಾತ್ರ. ಇಂಥ ಕೆಲಸಕ್ಕೆ ಕೈ ಹಾಕುವವರು ಈ ತೀರ್ಮಾನವನ್ನು ಮೊದಲೇ ಮಾಡಿಕೊಳ್ಳಿ. ಎಲ್ಲಾ ಆದ ಮೇಲೆ ಆರ್‌ಟಿಒ ಬಾಗಿಲಲ್ಲಿ ನಿಂತರೆ ಏನೂ ಗಿಟ್ಟೋದಿಲ್ಲ.

ಸಮಸ್ಯೆ ಏನಿತ್ತು

ಓಮ್ನಿಯ ಎಂಜಿನ್ 796 ಸಿಸಿ, ಮೂರು ಸಿಲಿಂಡರ್, ಸುಮಾರು 35 ಬಿಎಚ್‌ಪಿ. ಗೇರ್ ನಾಲ್ಕು. ನಮ್ಮ ಕಾರಿನ ತೂಕ 560 ಕೆಜಿ, ತರಕಾರಿ ಮಂಡಿಯ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿದ್ದು. ಕಾರು ಕೆಟ್ಟದಾಗೇನೂ ಓಡುತ್ತಿರಲಿಲ್ಲ. ತಿರುವಿನಲ್ಲಿ ಚೆನ್ನಾಗಿ ಹಿಡಿದು ನಿಲ್ಲುತ್ತಿತ್ತು. ಆದರೆ ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಒಯ್ದಾಗ ನೇರ ದಾರಿಯಲ್ಲಿ ಎಲ್ಲರೂ ಹಿಂದೆ ಹಾಕಿ ಹೋದರು. ಮಾಲೀಕರಿಗೆ ಬೇಜಾರಾಯಿತು. ವಾಪಸ್ ಬರುವಾಗ ಚಿತ್ತೂರು ದಾಟೋ ತನಕ ಮಾತೇ ಆಡಲಿಲ್ಲ. ಮುಳಬಾಗಿಲಲ್ಲಿ ಟೀ ಕುಡಿಯುತ್ತಾ, “ಅಣ್ಣ, ಹಯಾಬುಸ ಎಂಜಿನ್ ಹಾಕಿಬಿಡೋಣ” ಅಂದರು.

ಮೊದಲ ತಿರುವು: ಬೈಕ್ ಎಂಜಿನ್ ಬೇಡ

ಸುಝುಕಿ ಹಯಾಬುಸ ಎಂಜಿನ್ 1,340 ಸಿಸಿ, ಸುಮಾರು 190 ಬಿಎಚ್‌ಪಿಯದು. ಇಂಗ್ಲೆಂಡಿನಲ್ಲಿ ಇಂಥ ಕಾರುಗಳಿಗೆ ಬೈಕ್ ಎಂಜಿನ್ ಹಾಕೋದು ಹೊಸದಲ್ಲ. ಮೂರು ವಾರ ಇದರ ಮೇಲೇ ಚರ್ಚೆ ಆಯಿತು. ರಿವರ್ಸ್ ಗೇರ್ ಇರೋದಿಲ್ಲ. ಕಾರಿನ ತೂಕ ಎಳೆದು ಹೊರಡುವಾಗ ಬೈಕಿನ ಕ್ಲಚ್ ಬೇಗ ಸವೆಯುತ್ತೆ. ಇವೆಲ್ಲ ಇದ್ದವು, ಆದರೆ ಕೊನೆಗೆ ಬೇಡ ಅನಿಸಿದ್ದು ಆಯಿಲ್ ಕಾರಣಕ್ಕೆ.

ಬೈಕ್ ತಿರುವಿನಲ್ಲಿ ವಾಲುತ್ತೆ. ಎಂಜಿನ್ ಒಳಗಿನ ಆಯಿಲ್ ಕೂಡ ಜೊತೆಗೇ ವಾಲುವುದರಿಂದ ಚೇಂಬರ್, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ ತಳದಲ್ಲೇ ಉಳಿಯುತ್ತೆ. ಕಾರು ವಾಲೋದಿಲ್ಲ. ಆಯಿಲ್ ಪಕ್ಕಕ್ಕೆ ಸರಿದು ಗೋಡೆ ಹತ್ತುತ್ತೆ. ಹೀರುವ ಪೈಪಿನ ಬಾಯಿಗೆ ಆಯಿಲ್ ಬದಲು ಗಾಳಿ ಸಿಗುತ್ತೆ, ಆಯಿಲ್ ಇಲ್ಲದೆ ಎಂಜಿನ್ ಸವೆಯುತ್ತೆ. ಅರ್ಧ ತುಂಬಿದ ಹಾಲಿನ ಕ್ಯಾನನ್ನು ಆಟೋದಲ್ಲಿಟ್ಟು ಡೇರಿಗೆ ಒಯ್ದವರಿಗೆ ಇದು ಗೊತ್ತು. ಇದನ್ನು ನಮಗೆ ವಿವರಿಸಿದ್ದು ಮಾಲೀಕರೇ, ಎಲ್ಲೋ ಓದಿಕೊಂಡು ಬಂದು. “ಬೈಕ್ ಎಂಜಿನ್ ಹಾಕಿದರೆ ಚೇಂಬರ್ ಹೊಸದಾಗಿ ಮಾಡಬೇಕು. ಅಷ್ಟು ರಿಸ್ಕ್ ಬೇಡ” ಅಂದರು. ಎಲ್ಲರೂ ತಲೆಯಾಡಿಸಿದೆವು.

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾವು ಇಟ್ಟುಕೊಳ್ಳಲಿಲ್ಲ.

ಆರಿಸಿದ ದಾರಿ

ಮಾರುತಿ ಎಸ್ಟೀಮ್‌ನ ಎಂಜಿನ್ ಆಯ್ಕೆ ಆಯಿತು. 1,298 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, ಸುಮಾರು 85 ಬಿಎಚ್‌ಪಿ. ಅದೇ ಕುಟುಂಬದ ಎಂಜಿನ್ ಜಿಪ್ಸಿಯಲ್ಲಿ ಉದ್ದುದ್ದ ಕೂತಿರುತ್ತೆ. ಅಂದರೆ ಎಸ್ಟೀಮ್ ಎಂಜಿನ್‌ಗೆ ಜಿಪ್ಸಿ ಗೇರ್‌ಬಾಕ್ಸ್ ಬೋಲ್ಟ್ ಆಗುತ್ತೆ, ನಡುವೆ ಹೊಸ ಪ್ಲೇಟ್ ಮಾಡಿಸೋ ತಲೆನೋವಿಲ್ಲ. ಐದು ಗೇರ್ ಸಿಗುತ್ತೆ. ಜಿಪ್ಸಿಯಲ್ಲಿ ಫೋರ್ ವೀಲ್ ಡ್ರೈವ್‌ನ ಟ್ರಾನ್ಸ್‌ಫರ್ ಕೇಸ್ ಬೇರೆ ಡಬ್ಬಿ, ಹಾಗಾಗಿ ಅದನ್ನು ಬಿಟ್ಟು ಗೇರ್‌ಬಾಕ್ಸ್ ಒಂದನ್ನೇ ಬಳಸಬಹುದು. ಸ್ಪೀಡೋಮೀಟರ್ ಕೇಬಲ್ ಆ ಬಿಟ್ಟ ಡಬ್ಬಿಗೇ ಸೇರಿದ್ದರಿಂದ ನಮ್ಮ ಕಾರಿಗೆ ಸ್ಪೀಡೋಮೀಟರ್ ಇಲ್ಲದಾಯಿತು. ಮೊಬೈಲಿನ ಜಿಪಿಎಸ್ ಸಾಕು ಅಂದುಕೊಂಡೆವು.

ಎಂಜಿನ್ ಬೆಂಗಳೂರಿನ ಗುಜರಿಯಲ್ಲಿ ಸಿಕ್ಕಿತು, ವೈರಿಂಗ್ ಮತ್ತು ಇಸಿಯು (ಎಂಜಿನ್ ನಡೆಸೋ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸಮೇತ. ಇಲ್ಲೊಂದು ಮಾತು: ವೈರಿಂಗ್ ಕತ್ತರಿಸದ ಎಂಜಿನ್‌ಗೆ ಎಂಟು ಹತ್ತು ಸಾವಿರ ಜಾಸ್ತಿ ಕೇಳಿದರೂ ಕೊಡಿ. ನಮ್ಮ ಎಲೆಕ್ಟ್ರಿಷಿಯನ್ ನಾಲ್ಕು ದಿನದಲ್ಲಿ ಸೆಲ್ಫ್ ಹೊಡೆಸಿ ಸ್ಟಾರ್ಟ್ ಮಾಡಿದ್ದು ಅದರಿಂದಲೇ.

ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ತುದಿಗೆ ಆಸರೆ ಬೇಕು. ಜಿಪ್ಸಿ ಫ್ಲೈವೀಲ್ ತಂದೆವು, ಆ ತುದಿ ಕೂರೋ ಬುಷ್ (ಲೋಹದ ಬಳೆ) ಲೇತ್‌ನಲ್ಲಿ ಮಾಡಿಸಲು ಕೆಜಿಎಫ್‌ಗೆ ಹೋದೆವು. ಲೇತ್ ತಾತ ಚಿನ್ನದ ಗಣಿಯ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮನೆ ಹಿಂದೆಯೇ ಲೇತ್ ಹಾಕಿಕೊಂಡರು. ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ, ಬೈಯೋದು ಮಾತ್ರ ತಮಿಳಿನಲ್ಲಿ. ಬುಷ್ ಮಾಡಿ, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಹೌಸಿಂಗ್‌ಗೆ ಹೋಗೋ ದಂಡ) ಗಿಡ್ಡ ಮಾಡಿಕೊಟ್ಟರು. “ಬ್ಯಾಲೆನ್ಸ್ ಬೆಂಗಳೂರಲ್ಲಿ ಮಾಡಿಸಿ, ನನ್ನ ಹತ್ರ ಆ ಮೆಷಿನ್ ಇಲ್ಲ” ಅಂತ ಅವರೇ ಹೇಳಿದರು.

ಮೂರು ಸಣ್ಣ ತೀರ್ಮಾನಗಳು

ಈಗ ಅಸಲು ವಿಷಯ. ಎಂಜಿನ್ ಕೂರಿಸುವ ವಾರದಲ್ಲಿ ಮೂರು ತೀರ್ಮಾನ ಮಾಡಿದೆವು. ಮೂರಕ್ಕೂ ಐದೈದು ನಿಮಿಷ ಸಾಕಾಯಿತು.

ಒಂದು, ಹಿಂದಿನ ಹೌಸಿಂಗ್. ಓಮ್ನಿ ಭಾರ ಎಳೆಯೋ ಗಾಡಿ, ಅದರ ಕ್ರೌನ್ ಪಿನಿಯನ್, ಅಂದರೆ ಶಾಫ್ಟಿನ ತಿರುಗಾಟವನ್ನು ಚಕ್ರಕ್ಕೆ ಕೊಡೋ ಹಲ್ಲುಚಕ್ರದ ಜೋಡಿ, ಅದಕ್ಕೆ ತಕ್ಕ ಹಾಗಿದೆ. ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಐದು ಸುತ್ತು ಮೀರಿ ತಿರುಗಬೇಕು. ನಾಲ್ಕನೇ ಗೇರಿನಲ್ಲಿ 6,000 ಆರ್‌ಪಿಎಂಗೆ ಬರೀ 115 ಕಿ.ಮೀ. ವೇಗ ಅಂತ ಲೆಕ್ಕ ಬಂತು. “ಇರಲಿ, ಪಿಕಪ್ ಚೆನ್ನಾಗಿರುತ್ತೆ” ಅಂದರು ಮೇಸ್ತ್ರಿ. ನಿಜವೇ.

ಎರಡು, ಪೆಟ್ರೋಲ್ ಟ್ಯಾಂಕ್. ಹಳೇದನ್ನೇ ಇಟ್ಟು ಒಳಗೆ ಇಂಜೆಕ್ಷನ್ ಪಂಪ್ ಹಾಕಿದೆವು.

ಮೂರು, ಆಯಿಲ್ ಚೇಂಬರ್. ಎಸ್ಟೀಮ್ ಚೇಂಬರ್ ಆಳ ಜಾಸ್ತಿ. ನಮ್ಮ ಕಾರಿನಲ್ಲಿ ಕೂರಿಸಿದರೆ ನೆಲಕ್ಕೆ ಮೂರು ಬೆರಳು ಉಳಿಯುತ್ತಿತ್ತು. ಎಂಜಿನ್ ಮೇಲೆತ್ತಿದರೆ ಬಾನೆಟ್ ಮುಚ್ಚೋದಿಲ್ಲ. ಆ ಬಾನೆಟ್ ತಗಡನ್ನು ಮಾಲೀಕರು ಕೈಯಾರೆ ಬಡಿದು ಮಾಡಿದ್ದರು, ಕತ್ತರಿಸಲು ಮನಸ್ಸಿರಲಿಲ್ಲ. “ಚೇಂಬರ್ 45 ಮಿಲಿಮೀಟರ್ ಕತ್ತರಿಸಿ ಹೊಸ ತಳ ವೆಲ್ಡ್ ಮಾಡೋಣ” ಅಂದವನು ನಾನು. ಹೀರುವ ಪೈಪನ್ನೂ ಅಷ್ಟೇ ಗಿಡ್ಡ ಮಾಡಿದೆವು. ಸುಮಾರು ಮೂರೂವರೆ ಲೀಟರ್ ಹಿಡಿಯೋ ಕಡೆ 2.6 ಲೀಟರ್ ಹಿಡಿಯಿತು. ಡಿಪ್‌ಸ್ಟಿಕ್‌ಗೆ ಹೊಸ ಗೀಟು ಹಾಕಿದೆ. ಅಳತೆ ಎಷ್ಟು ನೀಟಾಗಿತ್ತು ಅಂದರೆ ನನಗೆ ಹೆಮ್ಮೆಯೇ ಆಯಿತು.

ಹಯಾಬುಸ ಬೇಡ ಅಂದ ಕಾರಣವನ್ನೇ ನಾವು ಕೈಯಾರೆ ಕತ್ತರಿಸಿ ಬೆಸೆದು ಕಾರಿನೊಳಗೆ ಕೂರಿಸಿದ್ದೆವು. ನಾಲ್ಕು ಜನ ಅಲ್ಲೇ ನಿಂತಿದ್ದೆವು, ಒಬ್ಬರಿಗೂ ಹೊಳೆಯಲಿಲ್ಲ. ಬೈಕ್ ಎಂಜಿನ್ ವಿಷಯದಲ್ಲಿ ಆಯಿಲ್ ಬಗ್ಗೆ ಯೋಚಿಸಿದ್ದೆವು. ಇದು ಕಾರಿನ ಎಂಜಿನ್, ಕಾರಿಗೆ ತಾನೇ ಹಾಕ್ತಿರೋದು ಅಂತ ನಮ್ಮ ಮನಸ್ಸು ಆ ಕಡತವನ್ನು ಮುಚ್ಚಿಬಿಟ್ಟಿತ್ತು.

ಟ್ರ್ಯಾಕ್ ಮೇಲೆ

ಮೊದಲ ಸಲ ಹೋದಾಗ ಕಾರು ಬೇರೆಯೇ ಪ್ರಾಣಿ ಆಗಿತ್ತು. ಮಾಲೀಕರ ಮುಖದಲ್ಲಿ ನಗು ಹೆಲ್ಮೆಟ್ ಒಳಗಿನಿಂದಲೇ ಕಾಣುತ್ತಿತ್ತು. ಒಂದೇ ದೂರು: ಉದ್ದ ತಿರುವಿನಲ್ಲಿ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತೆ. ಅರ್ಧ ತಿರುವಿಗೆ ಬರುವಷ್ಟರಲ್ಲಿ ಕೆಮ್ಮಿದ ಹಾಗೆ ಆಗಿ ಶಕ್ತಿ ಬಿದ್ದುಹೋಗುತ್ತೆ. ಟ್ಯಾಂಕ್ ಪೂರ್ತಿ ತುಂಬಿದರೆ ಇರೋದಿಲ್ಲ, ಅರ್ಧಕ್ಕೆ ಇಳಿದರೆ ಶುರು.

ಇದನ್ನು ಪತ್ತೆ ಹಚ್ಚೋದು ಸುಲಭ. ಟ್ಯಾಂಕಿನೊಳಗೆ ಪೆಟ್ರೋಲ್ ಪಕ್ಕಕ್ಕೆ ಸರಿದು ಪಂಪ್‌ಗೆ ಗಾಳಿ ಸಿಗುತ್ತಿದೆ. ನಡುವೆ ಒಂದು ಲೀಟರ್ ಹಿಡಿಯೋ ಪುಟ್ಟ ಉಪಟ್ಯಾಂಕ್ ಕೂರಿಸಿ, ಇನ್ನೊಂದು ಪಂಪ್ ಹಾಕಿದೆವು. ಶೆಡ್‌ನಲ್ಲಿ ಎರಡು ದಿನದ ಕೆಲಸ.

ಈಗ ಹಿಂತಿರುಗಿ ನೋಡಿದರೆ ಇಡೀ ಪ್ರಕರಣದಲ್ಲಿ ನನ್ನನ್ನು ಕಾಡೋದು ಈ ಎರಡು ದಿನ. ಪಕ್ಕಕ್ಕೆ ಸರಿಯುವ ದ್ರವ, ಬರಿದಾಗುವ ಹೀರುಬಾಯಿ, ಎಲ್ಲಾ ಕಣ್ಣೆದುರೇ ಇತ್ತು. ಪೆಟ್ರೋಲ್‌ಗೆ ಆಗುವುದು ಆಯಿಲ್‌ಗೂ ಆಗುತ್ತಲ್ವಾ ಅಂತ ಯಾರೂ ಕೇಳಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಆ ಮಿಸ್ಸಿಂಗೇ ಅಷ್ಟು ದಿನ ಎಂಜಿನ್ ಕಾಪಾಡಿತ್ತು. ತಿರುವಿನ ನಡುವೆ ಶಕ್ತಿ ಬಿದ್ದಾಗ ವೇಗ ಇಳಿಯುತ್ತಿತ್ತು, ಆರ್‌ಪಿಎಂ ಇಳಿಯುತ್ತಿತ್ತು, ಸರಿದ ಆಯಿಲ್ ವಾಪಸ್ ಬರುತ್ತಿತ್ತು. ಅದನ್ನು ನಾವು ರಿಪೇರಿ ಮಾಡಿದೆವು.

ಎರಡನೇ ಸಲ, ಬೆಳಿಗ್ಗೆ ಹತ್ತು ಗಂಟೆ. ಈ ಟ್ರ್ಯಾಕ್‌ನಲ್ಲಿ ನೇರ ದಾರಿ ಮುಗಿಯುತ್ತಲೇ ವೇಗದ ಬಲ ತಿರುವು. ಮಾಲೀಕರು ನಾಲ್ಕನೇ ಗೇರಿನಲ್ಲೇ, 6,000 ಆರ್‌ಪಿಎಂ ಹಿಡಿದುಕೊಂಡೇ ಅದನ್ನು ದಾಟುತ್ತಿದ್ದರು. ಒಂದೊಂದು ಸುತ್ತಿಗೂ ಧೈರ್ಯ ಹೆಚ್ಚುತ್ತಿತ್ತು. ಒಂಬತ್ತನೇ ಸುತ್ತಿನಲ್ಲಿ ಪಿಟ್ ಗೋಡೆ ಹತ್ತಿರ ನಿಂತಿದ್ದ ಮೇಸ್ತ್ರಿ ಕಿವಿ ನಿಮಿರಿಸಿದರು. “ಸಾರ್ ಗಾಡಿ ಬಡೀತಾ ಇದೆ” ಅಂದರು. ಕೈ ಬೀಸಿ ಒಳಗೆ ಕರೆಸುವಷ್ಟರಲ್ಲಿ ಇನ್ನೊಂದು ಸುತ್ತು ಆಗಿತ್ತು. ಟಕಟಕ ಸದ್ದು ಎಲ್ಲರಿಗೂ ಕೇಳುವ ಹಾಗಿತ್ತು.

“ಮೀಟರ್ ಬೋರ್ಡಲ್ಲಿ ಏನೋ ಕೆಂಪಗೆ ಮಿಂಚಿತು. ಬಿಸಿಲಿಗೆ ಹಾಗೆ ಕಂಡಿತೇನೋ ಅಂದ್ಕೊಂಡೆ” ಅಂದರು ಮಾಲೀಕರು. ಅದು ಆಯಿಲ್ ಲೈಟ್. ಆಯಿಲ್ ಪ್ರೆಶರ್ ಗೇಜ್ ನಾವು ಹಾಕಿರಲಿಲ್ಲ. ಎರಡು ಸಾವಿರ ರೂಪಾಯಿ ಉಳಿಸಿದ್ದೆವು.

ಬಿಚ್ಚಿದಾಗ ಕಂಡಿದ್ದು

ಮೂರನೇ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದು ತಾಮ್ರದ ಬಣ್ಣ ಕಾಣುತ್ತಿತ್ತು. ಅದು ಕೂರೋ ಕ್ರ್ಯಾಂಕ್, ಅಂದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡದ ಮೇಲೆ ಗೀರು. ಆಯಿಲ್ ಸೋಸಿದರೆ ಬೇರಿಂಗಿನ ಹೊಳೆಯೋ ಪುಡಿ. ಮೇಸ್ತ್ರಿಯ ಮೊದಲ ಅನುಮಾನ ಗುಜರಿಯವನ ಮೇಲೆ ಹೋಯಿತು, ಎಂಜಿನ್ನೇ ಹಳೇದು ಕೊಟ್ಟಿದ್ದಾನೆ ಅಂತ. ಆದರೆ ಉಳಿದ ಮೂರು ಬೇರಿಂಗ್ ಚೆನ್ನಾಗಿದ್ದವು. ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಗೀಟಿನ ತನಕ ಇತ್ತು. ಹಾಗಾದರೆ ಹೋಗಿದ್ದೇಕೆ?

ಉತ್ತರ ತಾತನ ಅಂಗಳದಲ್ಲಿ ಸಿಕ್ಕಿತು. ಕತ್ತರಿಸಿದ ಚೇಂಬರ್ ಒಯ್ದು ಅವರ ಮುಂದಿಟ್ಟೆವು. ಅವರು ಅದಕ್ಕೆ ನೀರು ಸುರಿದು ಓರೆ ಮಾಡಿದರು. ತಿರುವಿನಲ್ಲಿ ಪಕ್ಕಕ್ಕೆ ತಳ್ಳುವ ಬಲ ಕಾರಿನ ತೂಕಕ್ಕೆ ಸಮನಾದರೆ ದ್ರವದ ಮೇಲ್ಮೈ 45 ಡಿಗ್ರಿ ವಾಲುತ್ತೆ. ನಮ್ಮ ಸಾದಾ ಟೈರ್‌ಗೆ ಅಷ್ಟು ಬರೋದಿಲ್ಲ, 0.8 ಪಾಲು ಅಂತ ಹಿಡಿದರೂ 39 ಡಿಗ್ರಿ. ಅಷ್ಟು ಓರೆ ಮಾಡಿದರೂ ಹೀರುಬಾಯಿ ನೀರಿನೊಳಗೇ ಇತ್ತು. ನನಗೆ ಜೀವ ಬಂದ ಹಾಗಾಯಿತು, ನನ್ನ ಅಳತೆ ಸರಿ ಅಂತ.

“ಎಷ್ಟು ನೀರು ಹಾಕಿದೀರಿ?” ಅಂತ ಕೇಳಿದರು ತಾತ.

“ಎರಡೂವರೆ ಲೀಟರ್, ತಾತ.”

“ಓಡುವಾಗ ಅಷ್ಟೂ ಕೆಳಗೇ ಇರುತ್ತಾ?”

ಅಲ್ಲಿಗೆ ನಾನು ಮುಗಿದೆ. ಎಂಜಿನ್ 6,000 ಆರ್‌ಪಿಎಂನಲ್ಲಿ ಓಡುವಾಗ ಆಯಿಲ್‌ನ ಒಂದು ಪಾಲು ಸದಾ ಮೇಲೆ ಹೆಡ್‌ನಲ್ಲಿ, ದಾರಿಯ ರಂಧ್ರಗಳಲ್ಲಿ, ಕ್ರ್ಯಾಂಕ್ ಸುತ್ತ ಹಾರಾಡುತ್ತಿರುತ್ತೆ. ಪಂಪ್ ಮೇಲಕ್ಕೆ ಕಳಿಸುವಷ್ಟು ಬೇಗ ಅದು ಇಳಿದು ಬರೋದಿಲ್ಲ. ಡಿಪ್‌ಸ್ಟಿಕ್ ಹೇಳುವುದು ನಿಂತ ಗಾಡಿಯ ಕಥೆ. ತಾತ ಅರ್ಧ ನೀರು ಚೆಲ್ಲಿ ಮತ್ತೆ ಓರೆ ಮಾಡಿದರು. ಹೀರುಬಾಯಿ ಪೂರ್ತಿ ಹೊರಗೆ ಬಂತು.

ಮೂರೂ ತೀರ್ಮಾನ ಒಟ್ಟಿಗೆ ಸೇರಿದ್ದು ಇಲ್ಲೇ. ಓಮ್ನಿ ಹೌಸಿಂಗ್‌ನಿಂದ ಆರ್‌ಪಿಎಂ ಸದಾ ಮೇಲೆ, ಹಾಗಾಗಿ ಆಯಿಲ್ ಸದಾ ಮೇಲೆ. ಚೇಂಬರ್ ಕತ್ತರಿಸಿದ್ದರಿಂದ ಉಳಿದ ಆಯಿಲ್ ಕಮ್ಮಿ. ಟ್ಯಾಂಕ್ ಸರಿ ಮಾಡಿದ್ದರಿಂದ ತಿರುವಿನಲ್ಲಿ ಬಿಡುವೇ ಇಲ್ಲ. ಯಾವುದಾದರೂ ಎರಡು ಮಾತ್ರ ಇದ್ದಿದ್ದರೆ ಎಂಜಿನ್ ಬಹುಶಃ ಇನ್ನೂ ಓಡುತ್ತಿತ್ತು.

ಎರಡನೇ ಎಂಜಿನ್

ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಕೊಡೋ ಬದಲು ಇನ್ನೊಂದು ಹಾಫ್ ಎಂಜಿನ್ (ಹೆಡ್ ಇಲ್ಲದ ಕೆಳಗಿನ ಅರ್ಧ) ತಂದೆವು. ಡ್ರೈ ಸಂಪ್, ಅಂದರೆ ಆಯಿಲ್ ಅನ್ನು ಬೇರೆ ಟ್ಯಾಂಕಿನಲ್ಲಿಟ್ಟು ಪಂಪ್ ಮಾಡೋ ವ್ಯವಸ್ಥೆ, ಒಳ್ಳೆಯದೇ. ಆದರೆ ಅದರ ಬೆಲೆ ಎಂಜಿನ್‌ಗಿಂತ ಜಾಸ್ತಿ. ಬಿಟ್ಟೆವು.

ಈ ಸಲ ಮೊದಲು ಬಾನೆಟ್ ಕತ್ತರಿಸಿದೆವು. ಮಾಲೀಕರೇ ಕತ್ತರಿ ಹಿಡಿದರು. ಎಂಜಿನ್ 20 ಮಿಲಿಮೀಟರ್ ಮೇಲೆ ಬಂತು. ಚೇಂಬರ್ ಆಳಕ್ಕೆ ಹೋಗೋ ಬದಲು ಅಗಲಕ್ಕೆ ಹೋಯಿತು, ಎರಡೂ ಪಕ್ಕ ರೆಕ್ಕೆ ಇಟ್ಟ ಹಾಗೆ. ಈಗ 3.6 ಲೀಟರ್ ಹಿಡಿಯುತ್ತೆ. ಅಗಲ ಮಾಡಿದರೆ ಆಯಿಲ್ ಇನ್ನೂ ದೂರ ಸರಿಯುತ್ತಲ್ಲ ಅಂದದ್ದಕ್ಕೆ ತಾತ ತಮ್ಮ ಗಣಿಯ ನೆನಪು ತೆಗೆದರು. ಸುರಂಗದಲ್ಲಿ ಗಾಳಿ ಹೋಗೋ ದಿಕ್ಕು ಕಾಯಲು ಬಾಗಿಲು ಇರುತ್ತಿದ್ದವಂತೆ. ಅದೇ ಥರ ಹೀರುಬಾಯಿಯ ಸುತ್ತ ತಗಡಿನ ಪೆಟ್ಟಿಗೆ ಕಟ್ಟಿ, ನಾಲ್ಕು ಕಡೆ ಒಳಕ್ಕೆ ಮಾತ್ರ ತೆರೆಯೋ ಪುಟ್ಟ ಬಾಗಿಲು ಕೂರಿಸಿದರು. ಆಯಿಲ್ ಒಳಗೆ ಬರಬಹುದು, ಹೊರಗೆ ಓಡುವಂತಿಲ್ಲ. ರೇಸ್ ಎಂಜಿನ್ ಮಾಡುವವರಿಗೆ ಇದು ಹಳೇ ವಿದ್ಯೆ. ತಾತನಿಗೆ ಅದು ಗೊತ್ತಿರಲಿಲ್ಲ, ಗೊತ್ತಿರಬೇಕಾದ ನಾನು ಹುಡುಕಿ ನೋಡಿರಲಿಲ್ಲ.

ಗೇಜ್ ಹಾಕಿದೆವು. ಸ್ಟಿಯರಿಂಗ್ ಎದುರಿಗೇ ಲಾರಿಯ ಕೆಂಪು ಇಂಡಿಕೇಟರ್ ಬಲ್ಬು ಒಂದನ್ನು ಆಯಿಲ್ ಲೈಟ್ ಆಗಿ ಕೂರಿಸಿದೆವು. ನೋಡೋಕೆ ಅಸಹ್ಯ, ಆದರೆ ಮಿಂಚಿದರೆ ಬಿಸಿಲು ಅಂದುಕೊಳ್ಳೋ ಹಾಗಿಲ್ಲ. ಹಳೇ ಮೊಬೈಲ್ ಒಂದನ್ನು ಗೇಜ್ ಕಡೆ ಮುಖ ಮಾಡಿ ಕಟ್ಟಿದೆವು, ಓಡಿಸುವವರು ನೋಡದಿದ್ದರೂ ಆಮೇಲೆ ನಾವು ನೋಡಬಹುದು. ಮೊದಲ ತಿರುವಿಗೆ ಐದನೇ ಗೇರ್ ಹಾಕೋದು ಅಂತ ಮಾಲೀಕರು ಒಪ್ಪಿದರು. ಅದೇ ವೇಗಕ್ಕೆ ಆರ್‌ಪಿಎಂ 4,800ರ ಹತ್ತಿರ ನಿಲ್ಲುತ್ತೆ.

ಮೂರನೇ ಸಲ 30 ಸುತ್ತು ಓಡಿತು. ಪ್ರತಿ ಐದು ಸುತ್ತಿಗೆ ನಿಲ್ಲಿಸಿ ವಿಡಿಯೋ ನೋಡಿದೆವು. ತಿರುವಿನಲ್ಲಿ ಮುಳ್ಳು ಸ್ವಲ್ಪ ನಡುಗಿ ಮತ್ತೆ ನಿಲ್ಲುತ್ತಿತ್ತು, ಬೀಳಲಿಲ್ಲ. ಕೆಂಪು ಬಲ್ಬು ಒಮ್ಮೆಯೂ ಹತ್ತಲಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: ಅಂದಾಜು ಮಾಡಿದ್ದು 1.2 ಲಕ್ಷ, ಆದದ್ದು 3.1 ಲಕ್ಷ. ಅದರಲ್ಲಿ ಎರಡು ಎಂಜಿನ್‌ಗೆ ಹೋದದ್ದು ಕಾಲು ಭಾಗವೂ ಇಲ್ಲ. ಉಳಿದದ್ದು ಎಂಜಿನ್ ಸುತ್ತಲಿನ ಸಣ್ಣ ಪುಟ್ಟವು. ರೇಡಿಯೇಟರ್, ಪೈಪ್, ಶಾಫ್ಟ್, ಪಂಪ್, ವೆಲ್ಡಿಂಗ್, ಟ್ರೇಲರ್‌ನ ಡೀಸೆಲ್.

ಈಗ ಬ್ರೇಕ್ ಸಾಲುತ್ತಿಲ್ಲ. ಇಪ್ಪತ್ತು ಸುತ್ತು ದಾಟಿದರೆ ಪೆಡಲ್ ಮೆತ್ತಗಾಗುತ್ತೆ. ಮೇಸ್ತ್ರಿ ದೊಡ್ಡ ಡಿಸ್ಕ್ ಹಾಕೋಣ ಅಂದರು. ಅದಕ್ಕೆ 12 ಇಂಚಿನ ವೀಲ್ ಒಳಗೆ ಜಾಗ ಇಲ್ಲ, 13 ಬೇಕು. 13 ಹಾಕಿದರೆ ಕಾರು ನೆಲದಿಂದ ಮೇಲೇಳುತ್ತೆ, ಗೇರಿನ ಲೆಕ್ಕ ಬದಲಾಗುತ್ತೆ, ಮೊದಲ ತಿರುವಿನ ವೇಗವೂ ಬದಲಾಗುತ್ತೆ. ಐದು ನಿಮಿಷದಲ್ಲಿ ಹೂಂ ಅನ್ನಲಿಲ್ಲ ಈ ಸಲ. ಡ್ರಾಯಿಂಗ್ ಶೀಟ್ ಹಾಸಿಕೊಂಡು ಕೂತು ಎರಡು ವಾರ ಆಯಿತು. ತಾತನಿಗೂ ಹೇಳಿ ಕಳಿಸಿದ್ದೇವೆ.